ಮಲ್ಪೆಯಲ್ಲಿ ಡ್ಯೂಪಣ್ಣನ ಹನಿಮೂನು!

ತಾರಾ ದಂಪತಿಗಳು ಕಡಲ ತೀರಕ್ಕೆ ಹೋದರೆ ಅದು ಸುದ್ದಿ. ಅವಳ ಟೋಪಿ ಯಾವ ಬಣ್ಣದ್ದು, ಅವನ ಕನ್ನಡಕ ಯಾವ ಕಂಪನಿಯದು, ಮಾಲ್ಡೀವ್ಸ್ ಮರಳು ಎಷ್ಟು ಬಿಳುಪು... ಎಲ್ಲವನ್ನೂ ಫೋನಿನಲ್ಲಿ ಬೆರಳಿಟ್ಟು ಹಿಗ್ಗಿಸಿ ನೋಡಿ ಹಿಗ್ಗುವವರು ನೀವು. ಬೇಡ ಅನ್ನೋಲ್ಲ, ನೋಡಿ. ನಾನೂ ನೋಡ್ತೀನಿ. ಆದರೆ ಆ ನಾಯಕಮಣಿ ಎರಡು ಶೆಡ್ಯೂಲಿನ ನಡುವೆ ಮರಳಿನ ಮೇಲೆ ಮೈ ಚೆಲ್ಲಿ ಮಲಗಿರುವಾಗ, ಅವನ ಪರವಾಗಿ ಗಾಜು ಒಡೆದವನು, ಮಹಡಿಯಿಂದ ಬಿದ್ದವನು, ಬೆಂಕಿಗೆ ನುಗ್ಗಿದವನು ಎಲ್ಲಿರುತ್ತಾನೆ? ಅವನಿಗೂ ಒಬ್ಬ ಹೆಂಡತಿ ಇರ್ತಾಳಲ್ಲ ಸ್ವಾಮಿ! ಅವಳಿಗೂ ಸಮುದ್ರ ನೋಡೋ ಆಸೆ ಇರೋದಿಲ್ಲವೇ?

ಈ ವಾರ ಅಂಥ ಒಂದು ಜೋಡಿಯ ಕಥೆ. ಹೆಸರು ಹೇಳೋಲ್ಲ. ಹೇಳಿದರೆ ಮುಂದಿನ ಪಿಕ್ಚರಿಗೆ ಕರೆಯೋಲ್ಲ ಅಂತ ಆತ ಎರಡೂ ಕೈ ಮುಗಿದಿದ್ದಾನೆ. ಆದ್ದರಿಂದ ಡ್ಯೂಪಣ್ಣ ಅಂತಲೇ ಕರೆಯೋಣ. ಹೀರೋ ಎತ್ತರ, ಹೀರೋ ಮೈಕಟ್ಟು, ಬೆನ್ನು ಮಾಡಿ ನಿಂತರೆ ಹೀರೋನ ತಾಯಿಯೂ ಮೋಸ ಹೋಗಬೇಕು. ಮುಖ ಮಾತ್ರ ಇಪ್ಪತ್ತು ಪಿಕ್ಚರಿನಲ್ಲಿ ಒಮ್ಮೆಯೂ ಪರದೆಗೆ ಬಂದಿಲ್ಲ. ಹೆಂಡತಿ ಇನ್ನೊಂದು ಕಂಪನಿಯ ಕಾಸ್ಟ್ಯೂಮ್ ವಿಭಾಗದಲ್ಲಿ ಟೈಲರು. ಶ್ರೀರಂಗಪಟ್ಟಣದ ಕಡೆಯ ಹುಡುಗಿ. ಮದುವೆಯಾಗಿ ಹದಿನಾಲ್ಕು ತಿಂಗಳು. ಇವನು ಹೈದರಾಬಾದಿನಲ್ಲಿದ್ದರೆ ಅವಳು ಮೈಸೂರಿನಲ್ಲಿ, ಅವಳು ಬೆಂಗಳೂರಿಗೆ ಬಂದರೆ ಇವನು ಸಕಲೇಶಪುರದಲ್ಲಿ. ಒಟ್ಟಿಗೆ ಸಿಕ್ಕ ಭಾನುವಾರಗಳನ್ನು ಒಂದೇ ಕೈ ಬೆರಳಲ್ಲಿ ಎಣಿಸಬಹುದು.

ಈ ಫೆಬ್ರವರಿಯಲ್ಲಿ ನಾನು ಲೊಕೇಶನ್ ವರದಿಗೆಂದು ಉಡುಪಿಗೆ ಹೋಗಿದ್ದೆ. ಶನಿವಾರ ಸಂಜೆ ಅಲ್ಲಿಯ ಶೆಡ್ಯೂಲು ಮುಗೀತು. ಸೋಮವಾರದಿಂದ ಕಾರವಾರದಲ್ಲಿ ಬೋಟ್ ಫೈಟು. ನಡುವೆ ಒಂದೇ ಒಂದು ಭಾನುವಾರ ಖಾಲಿ! ಮೈಸೂರಿನಲ್ಲಿದ್ದ ಹೆಂಡತಿಗೂ ಅವತ್ತೇ ಬಿಡುವು. ರಾತ್ರಿ ಕೆಂಪು ಬಸ್ಸು ಹತ್ತಿ, ಆಧಾರ್ ಕಾರ್ಡ್ ತೋರಿಸಿ, ಮಡಿಕೇರಿ ಘಾಟಿಯ ತಿರುವುಗಳನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡು, ಮಂಗಳೂರಿನಲ್ಲಿ ಬಸ್ಸು ಬದಲಿಸಿ, ಬೆಳಿಗ್ಗೆ ಉಡುಪಿಯಲ್ಲಿ ಇಳಿದಳು. ಅದೇ ರಾತ್ರಿ ವಾಪಸ್ಸು. ಸೋಮವಾರ ಬೆಳಿಗ್ಗೆ ಏಳಕ್ಕೆ ಮೈಸೂರಿನಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತಿರಬೇಕು. ಇದಪ್ಪಾ ಹನಿಮೂನು!

“ಗುರು, ನೀನೂ ಬಾ. ಫೋಟೋ ತೆಗೆಯೋಕೆ ಯಾರಾದ್ರೂ ಬೇಕಲ್ಲ” ಅಂದ. ಶಿವಪೂಜೆಯಲ್ಲಿ ಕರಡಿ ಆಗೋದು ನನಗೂ ಇಷ್ಟ ಇರಲಿಲ್ಲ. ಆಕೆಯೇ “ಬನ್ನಿ ಅಣ್ಣಾ, ಇವರು ಫೋಟೋದಲ್ಲಿ ಮುಖ ತೋರಿಸೋದನ್ನೇ ಮರೆತಿದಾರೆ, ನೀವಾದ್ರೂ ತಿರುಗಿಸಿ ನಿಲ್ಲಿಸಿ” ಅಂದಳು. ಹೋದೆ.

ಉಡುಪಿಯಿಂದ ಮಲ್ಪೆಗೆ ಆರು ಕಿಲೋಮೀಟರು. ಬಸ್ಸು ಹತ್ತಿದ ಕೂಡಲೇ ಆಕೆ ಗತ್ತಿನಿಂದ ಆಧಾರ್ ಕಾರ್ಡು ತೆಗೆದಳು. ಕಂಡಕ್ಟರು ನಕ್ಕ. “ಅಕ್ಕಾ, ಇದು ಪ್ರೈವೇಟ್ ಬಸ್ಸು. ನಮ್ಮಲ್ಲಿ ಫ್ರೀ ಇಲ್ಲ ಮಾರಾಯ್ರೆ!” 2023ರ ಜೂನ್ 11ರಿಂದ ನಮ್ಮ ಕಡೆ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಯಿತಲ್ಲ, ಕರಾವಳಿಯ ಹೆಂಗಸರಿಗೆ ಅದರ ರುಚಿ ಅಷ್ಟಕ್ಕಷ್ಟೇ. ಅಲ್ಲಿ ರಸ್ತೆ ತುಂಬ ಖಾಸಗಿ ಬಸ್ಸುಗಳದ್ದೇ ದರ್ಬಾರು. ಡ್ಯೂಪಣ್ಣ ಎರಡು ಟಿಕೆಟ್ಟಿಗೆ ದುಡ್ಡು ಕೊಟ್ಟು, ಎದೆ ಉಬ್ಬಿಸಿ, “ನೋಡು, ನಿನಗೋಸ್ಕರ ಖರ್ಚು ಮಾಡ್ತಿದೀನಿ” ಅಂದ.

ಮಲ್ಪೆ ನಿಮಗೆ ಹೊಸದಲ್ಲ. ರಕ್ಷಿತ್ ಶೆಟ್ಟಿ ಮೊದಲ ಸಲ ಡೈರೆಕ್ಟ್ ಮಾಡಿದ ‘ಉಳಿದವರು ಕಂಡಂತೆ’ 2014ರಲ್ಲಿ ಬಂದಾಗ ಈ ಬಂದರು, ಈ ಬೋಟು, ಈ ಮೀನಿನ ಬುಟ್ಟಿ ಎಲ್ಲವನ್ನೂ ನೀವು ಟಾಕೀಸಿನ ಕತ್ತಲಲ್ಲಿ ಕೂತು ನೋಡಿದ್ದೀರಿ. ವಾಸನೆ ಒಂದು ಪರದೆಯ ಮೇಲೆ ಬರೋಲ್ಲ, ಅಷ್ಟೇ! ಜೂನ್ 1ರಿಂದ ಜುಲೈ 31ರವರೆಗೆ ಅರುವತ್ತೊಂದು ದಿನ ಯಂತ್ರದ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಅಂಟಿ ನಿಂತು ನಮ್ಮ ಮೆಜೆಸ್ಟಿಕ್ಕಿನ ಹಾಗೆ ಕಾಣುತ್ತವೆ. ನಾವು ಹೋದಾಗ ಪೂರಾ ಸೀಸನ್ನು. ಐಸು, ಕೂಗಾಟ, ಹದ್ದು, ಜಗಳ. ಆಕೆ ಮೂಗಿಗೆ ಸೆರಗು ಹಿಡಿದುಕೊಂಡೇ ಎಲ್ಲಾ ನೋಡಿದಳು.

ಕಥೆಗೆ ತಿರುವು ಸಿಕ್ಕಿದ್ದು ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟಿನಲ್ಲಿ. ಹತ್ತಿದ ಎಲ್ಲರಿಗೂ ಒಂದೊಂದು ಕಿತ್ತಲೆ ಬಣ್ಣದ ಲೈಫ್ ಜಾಕೆಟ್ ಕೊಟ್ಟರು. ಅಜ್ಜಿಗೂ, ಹಸುಗೂಸು ಎತ್ತಿಕೊಂಡ ತಾಯಿಗೂ, ಸೆಲ್ಫಿ ಚೆನ್ನಾಗಿ ಬರೋಲ್ಲ ಅಂತ ತಕರಾರು ತೆಗೆದ ಕಾಲೇಜು ಹುಡುಗರಿಗೂ. “ಹಾಕದಿದ್ದರೆ ಬೋಟು ಬಿಡುವುದಿಲ್ಲ” ಅಂತ ಬೋಟಿನವ ಹಟ ಹಿಡಿದು ಕೂತ. ಡ್ಯೂಪಣ್ಣ ಜಾಕೆಟ್ಟನ್ನು ಕೈಯಲ್ಲಿ ಹಿಡಿದು ಹಿಂದು ಮುಂದು ನೋಡಿದ. ಇಪ್ಪತ್ತು ಪಿಕ್ಚರು ಮಾಡಿದ ಗಂಡಿಗೆ ಅದರ ಬಕಲ್ ಯಾವ ಕಡೆ ಹಾಕೋದು ಅಂತ ಗೊತ್ತಿಲ್ಲ!

ಹೆಂಡತಿ ಬಕಲ್ ಹಾಕುತ್ತಾ ಸುಮ್ಮನೆ ಕೇಳಿದಳು: “ನಾಳೆ ಬೋಟ್ ಫೈಟಿಗೂ ಇದನ್ನ ಕೊಡ್ತಾರಾ?”

“ಹುಚ್ಚಿ. ಹೀರೋ ಮೈಮೇಲೆ ಇದು ಇದ್ದರೆ ಕ್ಯಾಮೆರಾಗೆ ಕಾಣಿಸಲ್ವಾ? ನಾನು ಮೇಲಿಂದ ನೀರಿಗೆ ಹಾರಬೇಕು. ಒಂದೇ ಶಾಟು.”

“ನಿಮಗೆ ಈಜು ಬರುತ್ತಾ?”

ಬೋಟಿನ ಇಂಜಿನ್ ಸದ್ದು ಬಿಟ್ಟರೆ ಉತ್ತರ ಇಲ್ಲ. ಬೆಂಗಳೂರಿನ ಗಲ್ಲಿಯಲ್ಲಿ ಬೆಳೆದ ಹುಡುಗ. ಅವನು ಕಂಡ ದೊಡ್ಡ ನೀರು ಅಂದರೆ ಮಳೆಗಾಲದ ಮೋರಿ.

ಇಲ್ಲಿ ಒಂದು ಮಾತು ಹೇಳಲೇಬೇಕು ಮಿತ್ರರೇ. ನಿಮಗೆ ಗೊತ್ತಿರುವುದೇ, ಆದರೂ ಹೇಳ್ತೀನಿ. 2016ರ ನವೆಂಬರ್ 7. ಬೆಂಗಳೂರಿನ ಪಶ್ಚಿಮಕ್ಕೆ ತಿಪ್ಪಗೊಂಡನಹಳ್ಳಿ ಜಲಾಶಯ. ‘ಮಾಸ್ತಿಗುಡಿ’ ಚಿತ್ರದ ಕ್ಲೈಮ್ಯಾಕ್ಸು. ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಹಾರಿದರು. ನಾಯಕ ದಡ ಸೇರಿದ. ಅನಿಲ್, ಉದಯ್ ಇಬ್ಬರೂ ಸೇರಲಿಲ್ಲ. ಈಜು ಅಷ್ಟಾಗಿ ಬಾರದು ಎಂದು ಹಾರುವ ಮುಂಚೆಯೇ ಟೀವಿಯವರ ಮುಂದೆ ಹೇಳಿಕೊಂಡಿದ್ದರು. ಮರುವರ್ಷ ಪಿಕ್ಚರು ರಿಲೀಸಾಯಿತು. 2021ರ ಆಗಸ್ಟಿನಲ್ಲಿ ಬಿಡದಿ ಹತ್ತಿರ ಒಂದು ಫೈಟು ತೆಗೆಯುವಾಗ ವಿವೇಕ್ ಎಂಬ ಸ್ಟಂಟ್ ಹುಡುಗ ಕರೆಂಟು ತಗುಲಿ ಸತ್ತ. ಪ್ರತಿ ಸಲ ನಾವು ಒಂದು ವಾರ ಬರೀತೀವಿ, ನೀವು ಒಂದು ವಾರ ಓದ್ತೀರಿ. ದುಡ್ಡು ಕೊಟ್ಟು ದ್ವೀಪ ನೋಡೋಕೆ ಹೋಗೋ ನನ್ನಂಥವನಿಗೆ ಜಾಕೆಟ್ ಇಲ್ಲದೆ ಬೋಟು ಬಿಡೋಲ್ಲ. ಹೊಟ್ಟೆಪಾಡಿಗೆ ಅದೇ ಕಡಲಿಗೆ ಹಾರೋನಿಗೆ ಜಾಕೆಟ್ ಇಲ್ಲ. ಈ ಲೆಕ್ಕ ಯಾವ ಮೇಷ್ಟ್ರು ಹೇಳಿಕೊಟ್ಟದ್ದೋ ನನಗಂತೂ ತಿಳೀದು.

ದ್ವೀಪ ಬಂತು. ಅದೇನು ಕಲ್ಲುಗಳು ಅಂತೀರಿ! ಐದು ಮೂಲೆ, ಆರು ಮೂಲೆಯ ಕಂಬಗಳನ್ನು ಯಾರೋ ಉಳಿಯಲ್ಲಿ ಕೆತ್ತಿ ಒತ್ತೊತ್ತಾಗಿ ನೆಟ್ಟ ಹಾಗೆ. ಲಾವಾ ಆರಿ ಗಟ್ಟಿಯಾಗುವಾಗ ಕುಗ್ಗಿ, ಬಿರುಕು ಬಿಟ್ಟು ಹೀಗಾಯಿತಂತೆ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರು ನಮ್ಮ ನೆಲದಿಂದ ಕಿತ್ತು ಹೋಗುವ ಕಾಲದ ಕಲ್ಲುಗಳು ಅಂತ ಭೂವಿಜ್ಞಾನಿಗಳು ಹೇಳ್ತಾರೆ. ಪಿಯುಸಿಗೆ ಅರ್ಧದಲ್ಲೇ ನಮಸ್ಕಾರ ಹೊಡೆದ ನನಗೆ ಕೋಟಿ ಅಂದರೆ ಕಲೆಕ್ಷನ್ನೇ ನೆನಪಿಗೆ ಬರೋದು. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದನೆಂದೂ ಊರವರ ಮಾತು. ಬೇರೆ ದಿನವಾಗಿದ್ದರೆ “ಇದರ ಆರ್ಟ್ ಡೈರೆಕ್ಟರ್ ಯಾರಪ್ಪಾ” ಅಂತ ಡ್ಯೂಪಣ್ಣನೇ ಜೋಕು ಹೊಡೆಯುತ್ತಿದ್ದ. ಅವತ್ತು ಇಬ್ಬರೂ ಒಂದೊಂದು ಕಂಬದ ಮೇಲೆ ಕೂತು ಬೇರೆ ಬೇರೆ ಕಡೆ ನೋಡಿದರು. ನಾನು ಫೋಟೋ ತೆಗೆಯಲಿಲ್ಲ.

ಮಧ್ಯಾಹ್ನ ವಾಪಸ್ಸು ಮಲ್ಪೆ. ಬಂಗುಡೆ ಪುಳಿಮುಂಚಿ, ಕುಚ್ಚಲಕ್ಕಿ ಅನ್ನ. “ಇದು ಅನ್ನವೋ ಗುಂಡು ಪಿನ್ನೋ” ಅಂತ ಆಕೆ ಮೊದಲ ಸಲ ನಕ್ಕಳು. ನಗು ಬಂತಲ್ಲ ಅಂತ ನಾವಿಬ್ಬರೂ ಉಸಿರು ಬಿಟ್ಟೆವು. ಎಲ್ಲಿ! ಕೈ ತೊಳೆದವಳೇ ಹೇಳಿದಳು: “ಇನ್ನು ಒಂದು ಗಂಟೆ ಬಿಟ್ಟು ನೀರಿಗೆ ಇಳೀರಿ. ನಾನು ಕಲಿಸ್ತೀನಿ.”

ಕಾವೇರಿ ದಂಡೆಯಲ್ಲಿ ಬೆಳೆದವಳು ಸ್ವಾಮಿ! ಎಂಟನೇ ವಯಸ್ಸಿಗೇ ಹೊಳೆ ದಾಟುತ್ತಿದ್ದಳಂತೆ. ಹದಿನಾಲ್ಕು ತಿಂಗಳಿಂದ ಗಂಡನಿಗೆ ಈ ವಿಷಯ ಗೊತ್ತೇ ಇಲ್ಲ. ಅವಳಿಗೆ ಅವನ ವಿಷಯ ಗೊತ್ತಿಲ್ಲ. ಮಾತಾಡೋಕೆ ಟೈಮು ಎಲ್ಲಿತ್ತು?

ಬೀಚಿನ ಲೈಫ್‌ಗಾರ್ಡ್ ಹುಡುಗನ ಹತ್ತಿರ ಹೋಗಿ “ಎಲ್ಲಿ ಆಳ ಇಲ್ಲ ತೋರಿಸಿ” ಅಂತ ಕೇಳಿ, ಅವನ ಕಣ್ಣಳತೆಯಲ್ಲೇ ಸೊಂಟದ ನೀರಿಗೆ ಇಳಿದರು. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟಿದ ಆ ಹೆಣ್ಣು, ಆರಡಿ ಗಂಡಸಿನ ಬೆನ್ನ ಕೆಳಗೆ ಕೈ ಕೊಟ್ಟು ಅಂಗಾತ ಮಲಗಿಸಿದಳು. “ತಲೆ ಎತ್ತಬೇಡಿ. ಕಿವಿ ಮುಳುಗಲಿ. ಉಸಿರು ಎಳೆದು ಎದೆಯಲ್ಲಿ ಇಟ್ಕೊಳ್ಳಿ. ಕೈ ನೀರಿನ ಒಳಗೇ ಇರಲಿ, ಮೇಲಕ್ಕೆ ಎತ್ತಿದರೆ ಮುಳುಗ್ತೀರಿ.” ಸಮುದ್ರದ ನೀರು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಹೊತ್ತಿರುತ್ತೆ. ಹೊಳೆಗಿಂತ ಅದರಲ್ಲಿ ತೇಲೋದು ಸುಲಭ. ಇದೂ ಅವಳೇ ಕಂಡುಕೊಂಡು “ಅಯ್ಯೋ, ಇದು ತಾನೇ ಎತ್ತುತ್ತೆ ಕಣ್ರೀ!” ಅಂತ ಕೂಗಿದಳು.

ಸುತ್ತ ಜನ ಸೇರಿದರು. ಒಬ್ಬ ವಿಡಿಯೋ ಶುರು ಮಾಡಿದ. ನಾನು ಅಡ್ಡ ಹೋಗಿ ನಿಂತೆ. ಡ್ಯೂಪಣ್ಣ ಹತ್ತು ಸಲ ಉಪ್ಪು ನೀರು ಕುಡಿದ, ಕೆಮ್ಮಿದ, ಬೈದ, “ಸಾಕು ಬಿಡೇ” ಅಂದ. ಎರಡನೇ ಮಹಡಿಯಿಂದ ಅಟ್ಟೆ ಪೆಟ್ಟಿಗೆಗಳ ಮೇಲೆ ಬೀಳುವಾಗ ಕಣ್ಣು ಮಿಟುಕಿಸದವನ ಮುಖದಲ್ಲಿ ಅವತ್ತು ಭಯ ಕಂಡೆ. ಸೂರ್ಯ ಕೆಳಗಿಳಿಯುವ ಹೊತ್ತಿಗೆ ಅವಳು ಮೆಲ್ಲಗೆ ಕೈ ತೆಗೆದಳು. ಅವನಿಗೆ ಗೊತ್ತಾಗಲಿಲ್ಲ. ಒಂದು ನಿಮಿಷ ತೇಲಿದ! ಅದು ಫೋಟೋ ಆಗಿದೆ. ಮುಖ ಆಕಾಶದ ಕಡೆಗಿದೆ. ಪ್ರಕಟಿಸುವಂತಿಲ್ಲ.

ಆದರೆ ಒಂದು ನಿಮಿಷ ತೇಲಿದವನು ಈಜುಗಾರ ಆಗಿಬಿಡೋಲ್ಲ. ಅದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಉಡುಪಿಗೆ ಬಂದು ಗಡ್‌ಬಡ್ ಐಸ್‌ಕ್ರೀಮಿನ ಮುಂದೆ ಕೂತಾಗ ವಿಚಾರಣೆ ಶುರುವಾಯಿತು. ನಾಳೆ ಡ್ರೆಸ್ಸು ಏನು? ಜೀನ್ಸು, ಬೂಟು, ಮೇಲೆ ಶರ್ಟು. “ಒದ್ದೆ ಜೀನ್ಸು ಎಷ್ಟು ಭಾರ ಅಂತ ಒಗೆದವಳಿಗೆ ಗೊತ್ತು. ಅದೇ ಬಣ್ಣದ ತೆಳು ಬಟ್ಟೆ ಹೊಲಿಸಿ. ಬೂಟಿಗೆ ಲೇಸು ಬೇಡ, ಒದ್ದರೆ ಕಳಚಬೇಕು. ಶರ್ಟು ಎರಡು ಸೈಜು ದೊಡ್ಡದು. ಒಳಗೆ ತೆಳು ಜಾಕೆಟ್ಟು.”

“ಕಾಣುತ್ತೆ ಕಣೇ...”

“ಏನು ಕಾಣುತ್ತೆ? ನಿಮ್ಮ ಹೀರೋಗಳ ಭುಜಕ್ಕೆ ಪ್ಯಾಡು ಇಟ್ಟು ಹೊಲಿಯೋರು ನಾವು. ಇಷ್ಟು ವರ್ಷದಲ್ಲಿ ಯಾರಿಗೆ ಕಾಣಿಸಿದೆ?”

ನಾನು ಐಸ್‌ಕ್ರೀಮು ಬಿಟ್ಟು ಚಪ್ಪಾಳೆ ತಟ್ಟಿದೆ. ಅಭಿಮಾನಿ ಬಂಧುಗಳು ಕ್ಷಮಿಸಬೇಕು!

ಫೈಟ್ ಮಾಸ್ಟರಿಗೆ ಫೋನು ಹಚ್ಚು ಅಂದಳು. ಇವನು ಹಚ್ಚಲಿಲ್ಲ. ಕೆಲಸ ಹೋದರೆ? ಇನ್ನೊಬ್ಬ ಹಾರುತ್ತೀನಿ ಅಂತ ಬಂದರೆ? ಬರ್ತಾರೆ, ಸಾಲುಗಟ್ಟಿ ಬರ್ತಾರೆ, ಅದು ಅವಳಿಗೂ ಗೊತ್ತು. ತಿಂಗಳ ಬಾಡಿಗೆಯೂ ಗೊತ್ತು. “ಹಾರಬೇಡಿ ಅಂತ ನಾನು ಹೇಳ್ತಿಲ್ಲ” ಅಂದಳು ಕೊನೆಗೆ. “ಹಾರಿ. ಜಾಕೆಟ್ ಹಾಕಿ ಹಾರಿ. ಪಕ್ಕದಲ್ಲಿ ಈಜೋ ಮೊಗವೀರರ ಇಬ್ಬರು ಹುಡುಗರನ್ನ ಒಂದು ದೋಣಿಯಲ್ಲಿ ನಿಲ್ಲಿಸಿ ಅಂತ ಕೇಳಿ. ಕೊಡದಿದ್ದರೆ ಮಾತ್ರ ಬೇಡ. ಬಾಡಿಗೆ ನಾನು ಕಟ್ತೀನಿ.”

2023ರಲ್ಲಿ ‘ಸಪ್ತ ಸಾಗರದಾಚೆ ಎಲ್ಲೋ’ ಬಂದಾಗ ಮನು-ಪ್ರಿಯಾ ಜೋಡಿಯ ಕಡಲ ಕನಸು ನೋಡಿ ನಿಮ್ಮಲ್ಲಿ ಎಷ್ಟು ಜನ ಕಣ್ಣೊರೆಸಿಕೊಂಡಿರಿ, ನನಗೆ ಗೊತ್ತು. ನಾನು ಆ ಐಸ್‌ಕ್ರೀಮ್ ಟೇಬಲ್ಲಿನಲ್ಲಿ ಕಂಡದ್ದು ಅದಕ್ಕೆ ಕಡಿಮೆ ಇರಲಿಲ್ಲ. ಹಿನ್ನೆಲೆ ಸಂಗೀತದ ಬದಲು ಮಿಕ್ಸಿ ಸದ್ದು ಇತ್ತು, ಅಷ್ಟೇ.

ರಾತ್ರಿ ಬಸ್ಸು ಹೊರಟಿತು. ಕಿಟಕಿಯಿಂದ ಎರಡು ಬೆರಳು ಎತ್ತಿ ತೋರಿಸಿದಳು. ಎರಡು ಸೈಜು! ಬಸ್ಸು ತಿರುಗುವವರೆಗೂ ಆ ಬೆರಳು ಇಳಿಯಲಿಲ್ಲ. ಅದು ಮರೆಯಾದ ಮೇಲೆ ಡ್ಯೂಪಣ್ಣ ನನ್ನ ಕಡೆ ತಿರುಗದೆಯೇ ಮಾಸ್ಟರಿಗೆ ಫೋನು ಹಚ್ಚಿದ.

ನಾನು ಕಾರವಾರಕ್ಕೆ ಹೋಗಲಿಲ್ಲ. ಬುಧವಾರ ರಾತ್ರಿ ಅವನ ಫೋನು ಬಂತು. ಮಾಸ್ಟರು ಮೊದಲು ರೇಗಿದರಂತೆ, ಆಮೇಲೆ ಅರ್ಧ ಗಂಟೆ ಯೋಚನೆ ಮಾಡಿ ದೋಣಿ ತರಿಸಿದರಂತೆ. ಹಾರಿದ, ಅಂಗಾತ ಆದ, ಕಿವಿ ಮುಳುಗಿಸಿದ, ಹುಡುಗರು ಎಳೆದು ದೋಣಿಗೆ ಹಾಕಿದರು. ಶಾಟು ಓಕೆ.

“ಒಂದೇ ಬೇಜಾರು ಗುರು” ಅಂದ. “ಮಾನಿಟರು ನೋಡಿ ಹೀರೋ ಕೂಗಾಡಿಬಿಟ್ಟ. ತಾನು ದಪ್ಪ ಕಾಣ್ತಿದೀನಂತೆ!”