ಗಾಳಿ ಮಾಡುವ ಕೆಲಸಕ್ಕೆ ಸೌದೆಯೇಕೆ?

ಮಲೆನಾಡಿನಲ್ಲಿ ಒಣಗಿಸುವುದೆಂದರೆ ಮೊದಲು ಒಲೆಯ ನೆನಪಾಗುತ್ತದೆ. ಅಡಿಕೆ ಬೇಯಿಸಲು, ಏಲಕ್ಕಿ ಒಣಗಿಸಲು, ಮಳೆಗಾಲದಲ್ಲಿ ಬಚ್ಚಲ ಹಂಡೆ ಕಾಯಿಸಲು ಬೇಕಾದ ಸೌದೆಯ ಬಹುಪಾಲು ಬೆಟ್ಟ, ಕಾಡುಗಳಿಂದಲೇ ಬರಬೇಕು. ಇದಕ್ಕೆ ವಿರುದ್ಧವಾದ ಪದ್ಧತಿಯೊಂದು ಬಯಲುನಾಡಾದ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗಗಳಲ್ಲಿ ನೆಲೆಗೊಂಡಿದೆ. ಅಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹಸಿ ದ್ರಾಕ್ಷಿಯನ್ನು ಒಣದ್ರಾಕ್ಷಿಯಾಗಿಸಲು, ಅಲ್ಲಿನವರ ಮಾತಿನಲ್ಲಿ ಮಣೂಕ ಮಾಡಲು, ಸಾಮಾನ್ಯವಾಗಿ ಬೆಂಕಿಯೇ ಬೇಕಿಲ್ಲ.

ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಈಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಅದ್ದಿ, ನಾಲ್ಕೂ ಕಡೆ ತೆರೆದ ಶೆಡ್ಡಿನೊಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಅದ್ದಿದಾಗ ಸಿಪ್ಪೆಯ ಮೇಣ ಸಡಿಲಗೊಂಡು ನೀರು ಬೇಗ ಹೊರಬರುತ್ತದೆ. ಒಣಹವೆ ಉಳಿದುದನ್ನು ಸುಮಾರು ಹದಿನೈದು ದಿನಗಳಲ್ಲಿ ಮುಗಿಸುತ್ತದೆ.

ಆ ಗಾಳಿಯ ಕೆಲಸಕ್ಕೆ ಬೆಲೆ ಕಟ್ಟಿ ನೋಡಬೇಕು. 1 ಟನ್ ಮಣೂಕಕ್ಕೆ ಸುಮಾರು 4 ಟನ್ ದ್ರಾಕ್ಷಿ ಬೇಕು. ಅಂದರೆ 3 ಟನ್ ನೀರು ಆವಿಯಾಗಬೇಕು. ಅದಕ್ಕೆ ತಗಲುವ ಶಾಖ ಸುಮಾರು 2,000 ಯೂನಿಟ್. ಇದನ್ನು ಸೌದೆಯಿಂದ ಪಡೆಯುವುದಾದರೆ, ಒಂದಿಷ್ಟೂ ನಷ್ಟವಾಗದ ಒಲೆಯಲ್ಲಿಯೂ 500 ಕಿಲೋ ಉರಿಯಬೇಕು. ಮೂರರಲ್ಲಿ ಒಂದು ಪಾಲು ಶಾಖವಷ್ಟೇ ದಕ್ಕಿದರೆ ಒಂದೂವರೆ ಟನ್. ಬಯಲಿನಲ್ಲಿ ಅಷ್ಟು ಮರ ಎಲ್ಲಿದೆ?

ಆದರೆ ಮಾರ್ಚ್, ಏಪ್ರಿಲ್ ತಿಂಗಳಿನಲ್ಲಿ ಅಕಾಲಿಕ ಮಳೆ ಬಂದರೆ ಈ ಉಚಿತ ಸೇವೆ ನಿಂತುಹೋಗುತ್ತದೆ. ತೇವದ ಗಾಳಿಯಲ್ಲಿ ಹಣ್ಣು ಕಪ್ಪಾಗುತ್ತದೆ, ಬೂಷ್ಟು ಹಿಡಿಯುತ್ತದೆ, ಬಣ್ಣ ನೋಡಿ ದರ ಹೇಳುವ ಮಾರುಕಟ್ಟೆಯಲ್ಲಿ ವರ್ಷದ ದುಡಿಮೆ ನೆಲ ಕಚ್ಚುತ್ತದೆ. ಆಗ ಬಿಸಿಗಾಳಿಯ ಡ್ರೈಯರುಗಳು ಬೇಕೆಂಬ ಮಾತು ಏಳುವುದು ಸಹಜ. ಅದನ್ನು ಹಳಿಯುವುದು ನ್ಯಾಯವೂ ಅಲ್ಲ. ಕೇಳಬೇಕಾದ ಪ್ರಶ್ನೆ, ಎಷ್ಟು ದಿನಕ್ಕೆ ಮತ್ತು ಯಾವ ಶಾಖದಿಂದ ಎಂಬುದು.

ವಿದ್ಯುತ್ ಕಾಯಿಲ್ ಇಟ್ಟು ಕಾಯಿಸುವುದು ಎಲ್ಲಕ್ಕಿಂತ ದುಬಾರಿ ದಾರಿ. ಇದೇ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರವಿದೆ. ಅಂಥ ಸ್ಥಾವರಗಳಲ್ಲಿ ಕಲ್ಲಿದ್ದಲಿನ ಶಾಖದ ಅರ್ಧಕ್ಕಿಂತ ಹೆಚ್ಚು ಪಾಲು ವ್ಯರ್ಥವಾಗಿ, ಉಳಿದುದು ವಿದ್ಯುತ್ತಾಗುತ್ತದೆ. ಆ ವಿದ್ಯುತ್ತನ್ನು ತಂದು ಮತ್ತೆ ಶಾಖವಾಗಿಸುವುದು ತುಪ್ಪ ಸುರಿದು ದೀಪ ಹಚ್ಚಿ, ಆ ದೀಪದಲ್ಲಿ ಬೆಣ್ಣೆ ಕಾಯಿಸಿದಂತೆ. (ಬೆಟ್ಟದೂರಿನ ರೆಸಾರ್ಟುಗಳ ಗೀಸರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.) ಹೀಟ್ ಪಂಪು ಒಂದು ಯೂನಿಟ್ ವಿದ್ಯುತ್ತಿನಿಂದ ಸುಮಾರು ಮೂರು ಯೂನಿಟ್ ಶಾಖ ಕೊಡಬಲ್ಲದಾದರೂ ಅದರ ಬೆಲೆ ಸಣ್ಣ ರೈತನ ಕೈಗೆ ಎಟುಕುವಂಥದಲ್ಲ. ಸೌರ ಡ್ರೈಯರ್ ಒಳ್ಳೆಯದೇ. ಆದರೆ ಅದು ಬೇಕಾಗುವುದೇ ಮೋಡ ಕವಿದ ದಿನ!

ಆದ್ದರಿಂದ ಮೊದಲ ಹಣ ಯಂತ್ರಕ್ಕಲ್ಲ, ಶೆಡ್ಡಿಗೆ ಹೋಗಬೇಕು. ಸೋರದ ಚಾವಣಿ, ಇರುಚಲು ತಡೆಯುವಷ್ಟು ಮುಂಚಾಚಿದ ಸೂರು, ಬೇಕೆಂದಾಗ ಇಳಿಸಿ ಏರಿಸಬಲ್ಲ ಪರದೆ, ಒಳಗಿನ ತೇವವನ್ನು ಹೊರದೂಡುವ ಸಣ್ಣ ಫ್ಯಾನು. ಇಷ್ಟಾದ ಮೇಲೆ ಮಳೆಯ ದಿನಗಳಿಗೆ ಬೇಕಾಗುವ ಶಾಖ ಅಲ್ಪವೇ. 25 ಡಿಗ್ರಿಯಲ್ಲಿ ಶೇ 90ರಷ್ಟು ತೇವಾಂಶವಿರುವ ಗಾಳಿಯನ್ನು 35 ಡಿಗ್ರಿಗೆ ಕಾಯಿಸಿದರೆ ಸಾಕು, ತೇವಾಂಶ ಶೇ 50ರ ಆಸುಪಾಸಿಗೆ ಇಳಿಯುತ್ತದೆ. ಚಾಟ್ನಿ ಮಾಡಿದಾಗ ತೋಟದಲ್ಲಿ ಬೀಳುವ ದ್ರಾಕ್ಷಿ ಕಡ್ಡಿಗಳನ್ನು ಒಣಗಿಸಿಟ್ಟುಕೊಂಡರೆ ನಾಲ್ಕಾರು ದಿನದ ಉರಿಗೆ ಅವೂ ನೆರವಾಗುತ್ತವೆ. ಹೊಗೆ ಮಾತ್ರ ಹಣ್ಣಿಗೆ ತಾಗಬಾರದು. ಬೆಂಕಿಯ ಕೊಳವೆ ಬೇರೆ, ಗಾಳಿಯ ದಾರಿ ಬೇರೆ ಇರಬೇಕು.

ಒಣಗಿದ ಮೇಲೂ ಖರ್ಚು ಮುಗಿಯುವುದಿಲ್ಲ. ಬೇಸಿಗೆ ದಾಟಿಸಿ ಒಳ್ಳೆಯ ದರಕ್ಕೆ ಕಾಯಬೇಕಾದರೆ ಮಣೂಕವನ್ನು ಶೀತಲಗೃಹದಲ್ಲಿ ಇಡಬೇಕು. ವಿಜಯಪುರದ 40 ಡಿಗ್ರಿ ಬಿಸಿಲಿನಲ್ಲಿ ಒಳಗನ್ನು ತಂಪಾಗಿಡುವ ವಿದ್ಯುತ್ ಬಿಲ್ಲು ಕೊನೆಗೆ ರೈತನ ಬಾಡಿಗೆಗೇ ಸೇರುತ್ತದೆ. ಗೋಡೆಯ ಶಾಖನಿರೋಧಕ ಪದರ, ಬಾಗಿಲಿನ ರಬ್ಬರ್ ಅಂಚು, ಚಾವಣಿಯ ಬಿಳಿ ಬಣ್ಣ ಇವುಗಳನ್ನು ಯಾರೂ ಉದ್ಘಾಟಿಸುವುದಿಲ್ಲವಾದ್ದರಿಂದ ಇವು ಯೋಜನೆಗಳಲ್ಲಿ ಹಿಂದೆ ಬೀಳುತ್ತವೆ.

ಡ್ರೈಯರುಗಳಿಗೆ ಸಹಾಯಧನ ಕೊಡುವುದಾದರೆ ತೋಟಗಾರಿಕೆ ಇಲಾಖೆಯು 1 ಟನ್ ಮಣೂಕಕ್ಕೆ ಎಷ್ಟು ಯೂನಿಟ್ ಅಥವಾ ಎಷ್ಟು ಕಿಲೋ ಉರುವಲು ತಗಲುತ್ತದೆಂಬ ಅಳತೆಯನ್ನು ಮೊದಲೇ ಕೇಳಬೇಕು, ಮತ್ತು ಅದನ್ನು ಶೆಡ್ಡಿನ ಬಾಗಿಲಲ್ಲೇ ಬರೆಸಬೇಕು. ಮಲೆನಾಡಿನಲ್ಲಿ ಅಡಿಕೆ ಒಲೆಗೆ ನೆರವು ಕೇಳುವವರೂ ಅದೇ ಅಳತೆಯನ್ನು ಕೇಳಬಹುದು.