ಸ್ಟೇ ಎದ್ದರೆ ಹೊಲ ಗೆದ್ದಂತೆಯೇ?

“ಸ್ಟೇ ಎದ್ದದ, ಇನ್ನ ಹೊಲ ನಮ್ದೇ.” ಬೀದರ್, ಭಾಲ್ಕಿ, ಔರಾದ, ಯಾವ ಊರಿನ ಕೋರ್ಟಿನ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವವನ ಮುಖದಲ್ಲಿ ಗೆದ್ದ ಕಳೆ, ಎದುರು ಪಕ್ಷದವನ ಮುಖದಲ್ಲಿ ಹೊಲವೇ ಹೋದ ಸಂಕಟ. ಇಬ್ಬರೂ ತಪ್ಪು ತಿಳಿದಿದ್ದಾರೆ. ತಾತ್ಕಾಲಿಕ ತಡೆಯಾಜ್ಞೆ ತೆರವಾದರೆ ಮಾಲೀಕತ್ವ ತೀರ್ಮಾನವಾಗುವುದಿಲ್ಲ. ಅದನ್ನು ಕೊಟ್ಟ ದಿನವೂ ಆಗಿರಲಿಲ್ಲ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದಡಿ ಅರ್ಜಿ ಬಂದಾಗ ನ್ಯಾಯಾಧೀಶರು ನೋಡುವುದು ಮೂರನ್ನೇ: ಮೇಲ್ನೋಟಕ್ಕೆ ವಾದಿಯ ಮಾತಿನಲ್ಲಿ ಹುರುಳಿದೆಯೇ, ತಡೆ ಕೊಡದಿದ್ದರೆ ಹೆಚ್ಚಿನ ತೊಂದರೆ ಯಾರಿಗೆ, ಆ ನಷ್ಟ ಹಣದಿಂದ ತುಂಬಿಬರುವಂಥದ್ದೇ. ಹೊಲ ಯಾರದೆಂಬುದಕ್ಕೆ ಸಾಕ್ಷಿ, ಪಾಟೀಸವಾಲು, ತೀರ್ಪು ಎಲ್ಲ ಮುಂದಿವೆ.

ನಮ್ಮ ಸೀಮೆಯಲ್ಲಿ ಆ ‘ಮೇಲ್ನೋಟ’ವೇ ಕಷ್ಟದ್ದು. 1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲಿತ್ತು. ಹೊಲದ ಮೂಲ ಹುಡುಕುತ್ತ ಹೊರಟರೆ 1954–55ರ ಖಾಸ್ರಾ ಪಹಣಿಗೆ, ಅದರಾಚೆ ನಿಜಾಮರ ಕಾಲದ ಉರ್ದು ಕಾಗದಗಳಿಗೆ ಹೋಗಬೇಕು. ಇನಾಂ ಎಲ್ಲಿತ್ತು, ಗೇಣಿದಾರ ಯಾರಿದ್ದ, ಅಣ್ಣತಮ್ಮಂದಿರ ಹಿಸ್ಸೆ ಯಾವಾಗ ಬೇರೆಯಾಯಿತು ಎಂಬುದೆಲ್ಲ ಅಲ್ಲಿದೆ. ಆ ಲಿಪಿ ಓದಬಲ್ಲವರು ಊರಲ್ಲಿ ಬೆರಳೆಣಿಕೆಯಷ್ಟು. ನಕಲು ತೆಗೆಸಿ ಅನುವಾದ ಮಾಡಿಸುವಷ್ಟರಲ್ಲಿ ದಿನಗಳು ಉರುಳುತ್ತವೆ. ಇವತ್ತಿನ ಗಣಕೀಕೃತ ಪಹಣಿಯಾದರೆ ಕ್ಷಣದಲ್ಲಿ ಕೈಗೆ ಬರುತ್ತದೆ. ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮಿನಂತೆ ಅದರಲ್ಲಿನ ನಮೂದು ಬೇರೆಯದು ಸಾಬೀತಾಗುವವರೆಗೆ ಮಾತ್ರ ನಿಜ. ಆ ಹಾಳೆಯೊಂದನ್ನೇ ಮುಂದಿಟ್ಟು, ಹಳೆಯ ಕಾಗದದ ಸುದ್ದಿಯನ್ನೇ ಎತ್ತದೆ ಏಕಪಕ್ಷೀಯ ಆಜ್ಞೆ ತಂದವರುಂಟು. ಗೊತ್ತಿದ್ದೂ ಸುಳ್ಳು ಹೇಳಿ, ನೋಟಿಸಿಲ್ಲದೆ ಪಡೆದ ತಡೆಯನ್ನು ತೆರವುಗೊಳಿಸಿ ಎನ್ನುತ್ತದೆ ಸಂಹಿತೆಯ ಅದೇ 39ನೇ ಆದೇಶದ 4ನೇ ನಿಯಮ. ಭೂಮಿ ತಂತ್ರಾಂಶ ಬಂದ ಮೇಲೆ ತಂಟೆಯೇ ಉಳಿದಿಲ್ಲ ಎನ್ನುವವರು ಒಂದು ದಿನ ಕೋರ್ಟಿನಲ್ಲಿ ಕೂತು ನೋಡಲಿ.

ಹಾಗೆಂದು ಏಕಪಕ್ಷೀಯ ತಡೆಯೇ ಬೇಡ ಎನ್ನಲಾರೆ. ರಾತ್ರೋರಾತ್ರಿ ಜೆಸಿಬಿ ತಂದು ಬದು ಕೀಳುವವರ ಎದುರು ಒಂಟಿ ಹೆಣ್ಣುಮಗಳಿಗೆ ಆ ಒಂದು ಹಾಳೆಯೇ ಆಸರೆ. ಎದುರಿನವರಿಗೆ ನೋಟಿಸು ಮುಟ್ಟುವಷ್ಟರಲ್ಲಿ ಮಾವಿನ ಮರ ಉರುಳಿರುತ್ತದೆ. ತೆರವಿನ ಭಯವೂ ಸುಳ್ಳಲ್ಲ. ದಾವೆ ನಡೆದಿರುವಾಗ ಕೊಂಡವನು ತೀರ್ಪಿಗೆ ಬದ್ಧ ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಕಲಮು ಹೇಳುತ್ತದೆ, ನಿಜ. ಆದರೆ ಬೀದರ್ ನಗರದ ಅಂಚಿನ ಹೊಲ ಪ್ಲಾಟುಗಳಾಗಿ, ಹತ್ತಾರು ಮನೆಗಳೆದ್ದ ಮೇಲೆ ಆ ಕಲಮು ಯಾರ ಕಣ್ಣೀರು ಒರೆಸೀತು? ಅದಕ್ಕೇ ತಡೆ ತೆಗೆಯುವಾಗ “ಉಳುಮೆ ಮಾಡು, ಮಾರಬೇಡ, ಹೊಲದ ಸ್ವರೂಪ ಕೆಡಿಸಬೇಡ” ಎಂಬ ಷರತ್ತು ಹಾಕುವ ನ್ಯಾಯಾಧೀಶರನ್ನು ನಾನು ಗೌರವಿಸುತ್ತೇನೆ.

ನನಗೆ ಸಹಿಸಲಾಗದ್ದು ವಿಳಂಬ. ನೋಟಿಸಿಲ್ಲದೆ ಕೊಟ್ಟ ತಡೆಯ ಅರ್ಜಿಯನ್ನು 30 ದಿನಗಳೊಳಗೆ ಇತ್ಯರ್ಥಪಡಿಸಲು ಪ್ರಯತ್ನಿಸಬೇಕು, ಆಗದಿದ್ದರೆ ಕಾರಣ ಬರೆಯಬೇಕು ಎನ್ನುತ್ತದೆ 39ನೇ ಆದೇಶದ 3ಎ ನಿಯಮ. ಆ ಗಡುವು ಮೀರಿದರೆ ತೊಂದರೆಗೊಳಗಾದವರು ಮೇಲ್ಮನವಿಗೆ ಹೋಗಬಹುದೆಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಔರಾದದ ಎಷ್ಟು ಕಕ್ಷಿದಾರರಿಗೆ ಈ ಮಾತು ಮುಟ್ಟಿದೆ? ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ. ಮೃಗಶಿರಾ ಮಳೆ ಕೋರ್ಟಿನ ತಾರೀಖಿಗೆ ಕಾಯುವುದಿಲ್ಲ. ಸೋಯಾ, ತೊಗರಿ ಬಿತ್ತಬೇಕಾದ ನೆಲದಲ್ಲಿ ಕರಿಕೆ ಬೆಳೆಯುತ್ತದೆ.

ಅವಧಿ ಮುಗಿದೊಡನೆ ತಡೆ ತಾನೇ ಬಿದ್ದುಹೋಗಲಿ ಎಂಬ ವಾದವೂ ಇದೆ. ಹೈಕೋರ್ಟುಗಳು ಕೆಳಗಿನ ವಿಚಾರಣೆಗೆ ಕೊಟ್ಟ ತಡೆಗಳ ಬಗ್ಗೆ 2018ರಲ್ಲಿ ಸುಪ್ರೀಂ ಕೋರ್ಟೇ ಆರು ತಿಂಗಳ ಅಂಥ ಗಡುವು ಹಾಕಿತ್ತು. 2024ರ ಫೆಬ್ರವರಿ 29ರಂದು ಐವರ ಸಂವಿಧಾನ ಪೀಠ ಅದನ್ನು ಕೈಬಿಟ್ಟಿತು. ಕೋರ್ಟಿನ ವಿಳಂಬಕ್ಕೆ ಕಕ್ಷಿದಾರ ದಂಡ ತೆರಬಾರದಷ್ಟೇ. ಆದರೆ ಅದೇ ನ್ಯಾಯ ತಡೆಯ ಕೆಳಗೆ ಬೀಳು ಬಿದ್ದ ಹೊಲದವನಿಗೂ ಸಲ್ಲಬೇಕು. ಅವನಿಗೆ ಬೇಕಿರುವುದು ತಾನಾಗಿ ಬೀಳುವ ತಡೆಯಲ್ಲ, ಇಬ್ಬರ ಮಾತೂ ಕೇಳಿ ಬಿತ್ತನೆಗೆ ಮೊದಲು ಬರೆದ ಒಂದು ಆಜ್ಞೆ.

ಅಂಥ ಆಜ್ಞೆಯ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಸಾಲಿರುತ್ತದೆ: ಇಲ್ಲಿನ ಅಭಿಪ್ರಾಯ ಈ ಮಧ್ಯಂತರ ಅರ್ಜಿಗಷ್ಟೇ ಸೀಮಿತ. ವಕೀಲರು ಆ ಸಾಲನ್ನು ಕಕ್ಷಿದಾರನಿಗೆ ಅವನ ಮಾತಿನಲ್ಲೇ ಓದಿ ಹೇಳಲಿ, ಅವನು ಪೇಢೆ ಹಂಚುವ ಮೊದಲು.