ಹುಲ್ಲುಹಾಸಿಗೆ ನೀರು, ಕಾಯಕಕ್ಕೆ ಭಾಷಣ

ಪ್ರತಿವರ್ಷ ಬಸವ ಜಯಂತಿಗೆ ನಮ್ಮ ವಿದ್ಯಾಸಂಸ್ಥೆಗಳ ಸಭಾಂಗಣಗಳಲ್ಲಿ ಕಾಯಕದ ಮೇಲೆ ಭಾಷಣಗಳಾಗುತ್ತವೆ. ಭಾಷಣ ಕೇಳಿ ಹೊರಗೆ ಬಂದರೆ ಎದುರಿಗೆ ಹುಲ್ಲುಹಾಸು. ಸುಡುಬೇಸಿಗೆಯಲ್ಲೂ ಅದಕ್ಕೆ ನೀರು ಬೇಕು, ಕೊಯ್ಯಲು ಯಂತ್ರ ಬೇಕು, ಕೊಯ್ದದ್ದನ್ನು ಒಯ್ಯಲು ಕಸದ ಗಾಡಿ ಬೇಕು. ನುಲಿಯ ಚಂದಯ್ಯ ಶರಣರೂ ಹುಲ್ಲನ್ನೇ ಕೊಯ್ದವರು. ಆದರೆ ಅವರು ಅದರಿಂದ ಹಗ್ಗ ಹೊಸೆದು, ಮಾರಿ, ದಾಸೋಹ ನಡೆಸಿದರು. ಇಂದು ನಾವು ಹುಲ್ಲಿನ ಮೇಲೆ ಕಾಲಿಡಬೇಡಿ ಎಂದು ಫಲಕ ನಿಲ್ಲಿಸುತ್ತೇವೆ.

ಖಾನಾಪುರ ರಸ್ತೆಯ ಮಚ್ಛೆಯಲ್ಲಿ 1998ರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಭೂತರಾಮನಹಟ್ಟಿಯಲ್ಲಿ 2010ರ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ನಮ್ಮ ಸದಾಶಿವನಗರದ ಮಗ್ಗುಲಲ್ಲೇ, 1916ರಲ್ಲಿ ಏಳು ಜನ ಶಿಕ್ಷಕರು ಕಟ್ಟಿದ ಕೆ.ಎಲ್.ಇ. ಸಂಸ್ಥೆಯ ಆವರಣ. ಯಾವುದೊಂದರ ಮೇಲೂ ಇದು ದೂರಲ್ಲ. ಎಲ್ಲರನ್ನೂ, ನಮ್ಮ ಮಠಗಳ ಕಾಲೇಜುಗಳನ್ನು ಮೊದಲು, ಕೇಳುವುದಿಷ್ಟೇ: ಒಂದು ಎಕರೆ ಕೊಡಿ. ವಿದ್ಯಾರ್ಥಿ, ಅಧ್ಯಾಪಕ, ಜವಾನ, ಓಣಿಯ ತಾಯಂದಿರು ಕೂಡಿ ಕಾಯಿಪಲ್ಲೆ ಬೆಳೆಯಲಿ.

"ಹುಡುಗರು ಓದಲು ಬಂದಿದ್ದಾರೆ, ನೆಲ ಅಗೆಯಲು ಅಲ್ಲ" ಎನ್ನುತ್ತಾರೆ. ಈ ಮಾತನ್ನು ರೈತ ತಂದೆ ಆಡಿದರೆ ನನಗೆ ಅರ್ಥವಾಗುತ್ತದೆ. ಸಾಲದಲ್ಲಿ ಬೆಂದವನು ಮಗನಾದರೂ ಮಣ್ಣಿನಿಂದ ಪಾರಾಗಲಿ ಎನ್ನುತ್ತಾನೆ. ಅದೇ ಮಾತು ಪ್ರಾಧ್ಯಾಪಕರ ಬಾಯಲ್ಲಿ ಬಂದರೆ ಅದು ಬೇರೆ. ಅಲ್ಲಿ ಮಾತಾಡುವುದು ಮಣ್ಣು ಮುಟ್ಟುವವನು ಕೀಳೆಂಬ ಹಳೆಯ ಮೈಲಿಗೆ. ಅನುಭವ ಮಂಟಪದಲ್ಲಿ ಒಕ್ಕಲಿಗ ಮುದ್ದಣ್ಣನವರು ಬೇಸಾಯಗಾರರಾಗಿಯೇ ಕೂತರು, ಬೇಸಾಯ ಬಿಟ್ಟು ಬಂದು ಕೂತವರಲ್ಲ. ರವೀಂದ್ರನಾಥ ಟಾಗೋರರು 1922ರಲ್ಲಿ ಶ್ರೀನಿಕೇತನ ತೆರೆದು ಕೃಷಿಯನ್ನೂ ಗ್ರಾಮಸೇವೆಯನ್ನೂ ವಿದ್ಯೆಯ ಪಕ್ಕದಲ್ಲಿ ಕೂರಿಸಿದರು. ಅದನ್ನು ಎಂಟು ಶತಮಾನ ಮೊದಲೇ ಕಂಡ ಪರಂಪರೆಯ ನಾವು ಮಾಲಿಯ ಕೆಲಸವನ್ನು ಗುತ್ತಿಗೆಗೆ ಕೊಟ್ಟು ಕೈತೊಳೆದುಕೊಂಡಿದ್ದೇವೆ.

ರಜೆಯಲ್ಲಿ ನೋಡುವವರ್ಯಾರು ಎಂಬ ಪ್ರಶ್ನೆ ಮಾತ್ರ ನಿಜವಾದದ್ದು. ಮೆಂತೆ, ಹರಿವೆ ತಿಂಗಳೊಳಗೆ ಕೈಗೆ ಬರುತ್ತವೆ, ಮೂಲಂಗಿ ಒಂದೂವರೆ ತಿಂಗಳು. ಹೀಗೆ ಬೇಗ ಬರುವ ಬೆಳೆ ಆರಿಸಿದರೆ ಪರೀಕ್ಷೆಗೂ ಅಡ್ಡಿಯಿಲ್ಲ. ಬೇಸಿಗೆಯಲ್ಲಿ ಮಡಿಗಳಿಗೆ ಒಣ ಎಲೆ ಮುಚ್ಚಿ ನೆಲಕ್ಕೆ ವಿಶ್ರಾಂತಿ ಕೊಡಬಹುದು, ಇಲ್ಲವೆ ಓಣಿಯವರಿಗೆ ಒಪ್ಪಿಸಬಹುದು. ಪ್ರಸಾದ ನಿಲಯದ ಅಡುಗೆಮನೆಯ ಸಿಪ್ಪೆಯೇ ಗೊಬ್ಬರವಾಗುತ್ತದೆ.

ನನ್ನ ಭಯ ಬೇರೆಯದು. ಜೂನ್ 5ರಂದು ಸಸಿ ನೆಡುವ ಸಂಭ್ರಮ ಎಲ್ಲರಿಗೂ ಗೊತ್ತು. ಹೋದ ವರ್ಷದ ಗುಂಡಿಯೇ ಈ ವರ್ಷವೂ ಕೆಲಸಕ್ಕೆ ಬರುತ್ತದೆ. ತೋಟವೂ ಹಾಗಾದರೆ ಅಗೆಯುವವನು ಗುತ್ತಿಗೆಯ ಆಳು, ಪ್ರಮಾಣಪತ್ರ ವಿದ್ಯಾರ್ಥಿಗೆ, ಫೋಟೋ ಅತಿಥಿಗಳಿಗೆ. ಆದ್ದರಿಂದ ಕರಾರು ಮೊದಲೇ ಆಗಲಿ. ಕಸ ಗುಡಿಸುವ ತಾಯಿಗೂ ಪ್ರಾಚಾರ್ಯರಿಗೂ ಒಂದೇ ಅಳತೆಯ ಮಡಿ. ಬೆಳೆದದ್ದರಲ್ಲಿ ಮನೆಗೆ ಬೇಕಾದಷ್ಟು, ಉಳಿದದ್ದು ಪ್ರಸಾದ ನಿಲಯಕ್ಕೆ. ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ ಮರಳಿ ಸುರಿದು ಬಾ ಎಂದ ಆಯ್ದಕ್ಕಿ ಲಕ್ಕಮ್ಮನವರ ಲೆಕ್ಕ ಇಲ್ಲಿಯೂ ನಡೆಯಲಿ.

ರೋಹಿಣಿ ಮಳೆಗೆ ಮುಂಚೆ ನಿಮ್ಮ ಊರಿನ ಕಾಲೇಜಿಗೆ, ವಿಶ್ವವಿದ್ಯಾಲಯಕ್ಕೆ ಒಂದು ಪತ್ರ ಬರೆಯಿರಿ. ಗುದ್ದಲಿ ಹಿಡಿದು ಬರುವವರ ಸಹಿ ಅದರ ಕೆಳಗಿರಲಿ. ಜಯಂತಿಯಂದು ವೇದಿಕೆಯ ಮೇಲೆ ಕೂತವರ ಸಹಿ ಎಲ್ಲಕ್ಕಿಂತ ಮೊದಲು.